ಕಿಟಕಿಗಳ ಅಳತೆ

ಪಾವೊಯ್, ಇಲೋಕೋಸ್
4 ಸೆಪ್ಟೆಂಬರ್ 1994

ನನ್ನ ಬಾಕೆತ್,

ಮೂವತ್ತೇಳಕ್ಕೇ ನನ್ನನ್ನು ಮುದುಕಿ ಮಾಡಬೇಡ ಎಂದು ಕಳೆದ ಕಾಗದದಲ್ಲಿ ಬೈದಿದ್ದೀಯ. ನಮ್ಮಪ್ಪ ಮದುವೆಯಾದ ಮಾರನೇ ದಿನದಿಂದಲೇ ನಮ್ಮವ್ವನನ್ನು ಬಾಕೆತ್ ಎಂದು ಕರೆದವನು. ಅದು ನಮ್ಮ ಕಡೆಯ ಗಂಡಸರ ರೂಢಿ. ನೀನು ನನ್ನನ್ನು ಧಾರಾಳವಾಗಿ ಲಾಕಾಯ್ ಎನ್ನು. ನನಗೆ ನಿಜವಾಗಿಯೂ ಮುಂದಲೆಯ ಕೂದಲು ಹೋಗಿದೆ, ಮುದುಕ ಎಂದರೆ ಯಾರೂ ನಗುವುದಿಲ್ಲ.

ಒಂದು ಸುದ್ದಿ. ತಂಬಾಕಿನ ಗೋದಾಮು ತೆರೆಯುವುದು ಇನ್ನು ಫೆಬ್ರವರಿಗೆ. ಅಲ್ಲಿಯವರೆಗೆ ತಕ್ಕಡಿಯ ಮುಂದೆ ಕುಳಿತು ನೊಣ ಹೊಡೆಯುವುದು ಬೇಡವೆಂದು ಲಾವಾಗ್‌ನ ಅಂಕಿಅಂಶ ಕಚೇರಿಯಲ್ಲಿ ಎರಡು ತಿಂಗಳ ಕೆಲಸ ಹಿಡಿದಿದ್ದೇನೆ. ಹೊರದೇಶಕ್ಕೆ ಹೋದವರು ಊರಿಗೆ ಎಷ್ಟು ಕಳಿಸುತ್ತಾರೆ ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಬೇಕು. ಹದಿನಾಲ್ಕು ವರ್ಷ ತಂಬಾಕು ತೂಗಿದವನಿಗೆ ದುಡ್ಡು ತೂಗುವುದೇನು ಕಷ್ಟ ಎಂದುಕೊಂಡೆ. ಮೂರು ದಿನದ ತರಬೇತಿಯಲ್ಲಿ ಗೊತ್ತಾಯಿತು, ತಂಬಾಕು ಮಾತಾಡುವುದಿಲ್ಲ, ಅದಕ್ಕೇ ಸುಲಭ.

ಪಾಠ ಹೇಳಿದ ಹೆಂಗಸು ಒಳ್ಳೆಯವಳು. "ಜನ ಸುಳ್ಳು ಹೇಳ್ತಾರೆ ಅಂದ್ಕೊಂಡು ಹೋಗ್ಬೇಡಿ. ಹೆದರ್ತಾರೆ ಅಂದ್ಕೊಂಡು ಹೋಗಿ" ಎಂದಳು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳದ್ದನ್ನು ಕೇಳಬೇಕು. ಕಳಿಸಿದ ನಗದು ಒಂದು ಸಾಲಿಗೆ, ಬರುವಾಗ ಕೈಯಲ್ಲಿ ತಂದದ್ದು ಇನ್ನೊಂದು ಸಾಲಿಗೆ, ಪೆಟ್ಟಿಗೆಯಲ್ಲಿ ಬಂದ ಸಾಮಾನಿಗೆ ಬೆಲೆ ಕಟ್ಟಿ ಮತ್ತೊಂದು ಸಾಲಿಗೆ. ಕೊನೆಯಲ್ಲಿ, ಆ ದುಡ್ಡು ಯಾವುದಕ್ಕೆ ಖರ್ಚಾಯಿತು ಎಂಬ ಪ್ರಶ್ನೆ.

ಅಭ್ಯಾಸಕ್ಕೆಂದು ಮೊದಲ ಫಾರ್ಮನ್ನು ನಿನ್ನ ಹೆಸರಿನಲ್ಲಿ ತುಂಬುತ್ತಿದ್ದೇನೆ. ಆಗಸ್ಟ್ ಕೊನೆಯವರೆಗೆ ನನ್ನ ಲೆಕ್ಕದಲ್ಲಿ 38,200 ಪೆಸೋ ಬಂದಿದೆ. ನಿನ್ನ ರಸೀದಿಗಳಲ್ಲಿ ಎಷ್ಟಿದೆ ಎಂದು ಬರೆ.

ಕಟ್ಟುತ್ತಿರುವ ಮನೆಯ ಕಿಟಕಿಗಳ ಅಳತೆಯನ್ನು ನೀನು ಕೇಳಿದ್ದೆ. ಮುಂದಿನ ಮೂರರದು ಅಗಲ ನಾಲ್ಕು ಅಡಿ, ಎತ್ತರ ನಾಲ್ಕೂವರೆ. ಪೂರ್ವದ ಚಿಕ್ಕ ಕೋಣೆಯದು ಅಗಲ ಎರಡೂವರೆ, ಎತ್ತರ ಮೂರು. ಟೇಪು ಹಳೆಯದು, ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ಪರದೆ ಬಟ್ಟೆಯನ್ನು ಈಗಲೇ ಕೊಳ್ಳಬೇಡ.

ನಿನ್ನ ಪಿಲೋ

---

ಹಾಂಗ್‌ಕಾಂಗ್
18 ಸೆಪ್ಟೆಂಬರ್ 1994, ಭಾನುವಾರ

ಲಾಕಾಯ್,

ಆರು ವರ್ಷ ಕಳಿಸಿದ ಮೇಲೆ ಈಗ ರಸೀದಿ ಕೇಳುತ್ತಿದ್ದೀಯ. ಸರ್ಕಾರಿ ಪೆನ್ನು ಕೈಗೆ ಬಂದ ಕೂಡಲೇ ಹೆಂಡತಿಯೂ ಒಂದು ಸಾಲಾಗಿಬಿಟ್ಟಳು ಅಲ್ಲವಾ? ಬರೆದುಕೋ, 38,200 ಅಲ್ಲ, 39,400. ಮೇ ತಿಂಗಳ ಪೆಟ್ಟಿಗೆಯಲ್ಲಿ ಹಾಲಿನ ಪುಡಿಯ ಡಬ್ಬಿಯೊಳಗೆ ಪ್ಲಾಸ್ಟಿಕ್ ಸುತ್ತಿ 1,200 ಪೆಸೋ ಇಟ್ಟಿದ್ದೆ. ದಾರಿಯಲ್ಲಿ ಯಾರಾದರೂ ಪೆಟ್ಟಿಗೆ ಬಿಚ್ಚಿದರೂ ಪುಡಿಯೊಳಗೆ ಕೈ ಹಾಕುವುದಿಲ್ಲ ಎಂದು. ನೀನು ಒಂದು ಮಾತೂ ಬರೆಯಲಿಲ್ಲ. ಸಿಕ್ಕಿತೋ ಇಲ್ಲವೋ?

ಇಲ್ಲಿ ಎಂದಿನಂತೆ. ಬೆಳಗಿನಿಂದ ಚೌಕದಲ್ಲಿ ರಟ್ಟು ಹಾಸಿ ಇಲುಮಿನಾದಾ ಜೊತೆ ಕುಳಿತಿದ್ದೇನೆ. ನಮ್ಮ ಕಡೆಯ ಹೆಂಗಸರೆಲ್ಲ ಒಂದು ಕಡೆ, ವಿಸಾಯದವರೆಲ್ಲ ಇನ್ನೊಂದು ಕಡೆ. ಉಗುರಿಗೆ ಬಣ್ಣ ಹಚ್ಚುವವರು ಹಚ್ಚುತ್ತಾರೆ, ಅಳುವವರು ಅಳುತ್ತಾರೆ. ನಾನು ತಿನ್ನುತ್ತಾ ಕೂರುತ್ತೇನೆ.

ಮೊನ್ನೆ ಮಧ್ಯಾಹ್ನ ಗಂಜಿ ಕುಡಿದು ನಮ್ಮ ಪೋಪೋ ಅಜ್ಜಿ ಮಲಗಿದಾಗ ನಾನೂ ಅಡುಗೆಮನೆಯ ಗೋಡೆಗೆ ಒರಗಿದೆ. ನಮ್ಮ ಮನೆಗೆ ಹೋದೆ. ಈಗೀಗ ದಾರಿ ಅಭ್ಯಾಸವಾಗಿದೆ, ಕಣ್ಣು ಮುಚ್ಚಿದರೆ ಸಾಕು. ಹೊಸಿಲಲ್ಲಿ ಚಪ್ಪಲಿ ಬಿಟ್ಟೆ. ನೆಲ ತಣ್ಣಗಿತ್ತು. ಮೆಟ್ಟಿಲು ಮನೆಯೊಳಗೇ ಇತ್ತು, ನಾನು ಹೇಳಿದ ಜಾಗದಲ್ಲೇ. ಆ ಜಗಳದಲ್ಲಿ ಕೊನೆಗೆ ನಾನೇ ಗೆದ್ದೆ ಎಂದುಕೊಂಡು ಹತ್ತಿದೆ. ಮುಂದಿನ ಕಿಟಕಿ ತೆರೆದರೆ ಒಂದು ಬದಿಗೆ ನಮ್ಮ ಕೆರೆ, ಇನ್ನೊಂದು ಬದಿಗೆ ಇಲ್ಲಿನ ಹದಿನಾಲ್ಕನೇ ಮಹಡಿಯ ಬಿದಿರು ಕೋಲು, ಅದರ ಮೇಲೆ ಪೋಪೋಳ ಪೈಜಾಮ. ಎರಡೂ ಒಂದೇ ಗಾಳಿಗೆ ಅಲ್ಲಾಡುತ್ತಿದ್ದವು. ನನಗೆ ಅದು ವಿಚಿತ್ರವೆಂದೇ ಅನಿಸಲಿಲ್ಲ.

ಚಿಕ್ಕ ಕೋಣೆಯ ಬಾಗಿಲು ಮಾತ್ರ ಯಾವತ್ತೂ ಮುಚ್ಚಿರುತ್ತದೆ. ನಾನು ಹೊರಗೇ ನಿಲ್ಲುತ್ತೇನೆ. ಅದು ಇನ್ನೂ ಬಾರದ ಯಾರಿಗಾಗಿ ಎಂದು ನಿನಗೂ ಗೊತ್ತು, ನನಗೂ ಗೊತ್ತು.

ಈಗ ಕೆಲಸದ ಮಾತು. ಡಿಸೆಂಬರ್ ನಾಲ್ಕಕ್ಕೆ ಮೂರನೇ ಕರಾರು ಮುಗಿಯುತ್ತದೆ. ಇನ್ನೆರಡು ವರ್ಷ ಇರುತ್ತೀಯೋ ಹೋಗುತ್ತೀಯೋ, ಅಕ್ಟೋಬರ್ ಮುಗಿಯುವುದರೊಳಗೆ ಹೇಳು ಎಂದು ಪೋಪೋಳ ಮಗಳು, ನಮ್ಮ ಮೇಡಂ, ಕೇಳಿದ್ದಾಳೆ. ಮನೆ ಮುಗಿದ ಮೇಲೆ ವಾಪಸ್ಸು ಎಂದು ನಾವು ಮಾತಾಡಿಕೊಂಡದ್ದು. ಎರಡು ವರ್ಷದ ಹಿಂದೆ ಗೋಡೆ ಕಿಟಕಿಯ ಮಟ್ಟಕ್ಕೆ ಬಂದ ಫೋಟೋ ನೋಡಿ ರಜೆಯನ್ನೂ ಬಿಟ್ಟು ಟಿಕೆಟ್ಟಿನ ದುಡ್ಡನ್ನೇ ಕಳಿಸಿದೆ. ಈಗ ಎಷ್ಟು ಬಾಕಿ? ನೀನೇ ಹೇಳು ಪಿಲೋ. ಸಹಿ ಹಾಕಲಾ ಬೇಡವಾ?

ಅದೆಲ್ಫಾ

---

ಪಾವೊಯ್
5 ಅಕ್ಟೋಬರ್ 1994

ನನ್ನ ಬಾಕೆತ್,

ಡಬ್ಬಿ ತೆರೆದೆ. 1,200 ಸಿಕ್ಕಿತು. ನೋಟುಗಳಿಗೆ ಹಾಲಿನ ವಾಸನೆ.

ಕೆಲಸ ಶುರುವಾಗಿ ಐದು ದಿನವಾಯಿತು. ನಮ್ಮ ಪಕ್ಕದ ಓಣಿಯ ದೊಡ್ಡವ್ವ, ನಾನಾ ಬಸಿಲಿಯಾ, ನಿನಗೆ ನೆನಪಿರಬೇಕು, ಸೌದಿಯಲ್ಲಿ ಮಗ ಇರುವವಳು. ನಾನು ಫಾರ್ಮು ತೆಗೆದದ್ದೇ ತಡ, ಎದ್ದು ಹೋಗಿ ಕಿಟಕಿ ಬಾಗಿಲೆಲ್ಲ ಮುಚ್ಚಿದಳು. ನಾದಿನಿಯ ಕಿವಿಗೆ ಬಿದ್ದರೆ ಸಂಜೆಯೊಳಗೆ ಸಾಲ ಕೇಳುತ್ತಾಳಂತೆ. ಬಾಯಿಬಿಟ್ಟು ಹೇಳುವುದಿಲ್ಲವೆಂದು ಅಂಗೈ ಮೇಲೆ ಬೆರಳಿನಿಂದ ಸೊನ್ನೆಗಳನ್ನು ಬರೆದು ತೋರಿಸಿದಳು. "ಎಷ್ಟು ಸೊನ್ನೆ ನಾನಾ, ಮೂರಾ ನಾಲ್ಕಾ?" ಎಂದರೆ "ತೋರ್ಸ್ದಾಗ ನೋಡ್ಬೇಕಿತ್ತು, ನಿಂಗೆ ಕಣ್ಣಿಲ್ವಾ? ಇನ್ನೊಂದ್ಸಲ ಬರ್ಯಲ್ಲ" ಎಂದು ಕೈ ಮಡಚಿಕೊಂಡಳು. ಕಾಲು ಗಂಟೆ ಗೋಗರೆದ ಮೇಲೆ ಮತ್ತೆ ಬಿಚ್ಚಿದಳು.

ಕೆರೆಯ ಆಚೆ ದಂಡೆಯ ತಾತಾ ಕುಲಾಸ್‌ನದು ಬೇರೆ ಕಥೆ. ಅವನ ಮಗಳು ಇಟಲಿಯಲ್ಲಿ. ಆರು ತಿಂಗಳಲ್ಲಿ ದುಡ್ಡು ಬಂದಿಲ್ಲ, ಒಂದು ಕ್ಯಾಸೆಟ್ಟು ಬಂದಿದೆ. ಅದರಲ್ಲಿ ಅವಳು ಮಾತಾಡಿ ಕಳಿಸಿದ್ದಾಳೆ. "ಇದನ್ನೂ ಬರ್ಕೋ" ಎಂದ. ಎಷ್ಟೆಂದು ಬರೆಯಲಿ? ಖಾಲಿ ಕ್ಯಾಸೆಟ್ಟಿಗೆ ಅಂಗಡಿಯಲ್ಲಿ ಇಪ್ಪತ್ತೈದು ಪೆಸೋ ಎಂದೆ. ಅವನು ಕ್ಯಾಸೆಟ್ಟನ್ನು ನನ್ನ ಕೈಯಿಂದ ವಾಪಸ್ಸು ತೆಗೆದುಕೊಂಡು, "ಇದು ಖಾಲಿ ಅಲ್ವಲ್ಲಪ್ಪ" ಎಂದ. ಇಪ್ಪತ್ತೈದೇ ಬರೆದು ಎದ್ದು ಬಂದೆ. ದಾರಿಯುದ್ದಕ್ಕೂ ಯಾರದೋ ತೂಕದಲ್ಲಿ ಮೋಸ ಮಾಡಿದ ಹಾಗೆ ಅನಿಸುತ್ತಿತ್ತು.

ಮಳೆ ನಿಂತಿದೆ. ಮಧ್ಯಾಹ್ನ ಮರಳುದಿಬ್ಬದ ಕಡೆಯಿಂದ ಗಾಳಿ ಬೀಸಿದರೆ ಊರೆಲ್ಲ ಮಸುಕಾಗಿ, ಬಾಗಿಲು ತಟ್ಟುವ ನಾನೂ ಒಳಗಿರುವವರೂ ಅರೆನಿದ್ದೆಯಲ್ಲಿ ಮಾತಾಡಿದಂತಿರುತ್ತದೆ. ಪ್ರತಿ ಮನೆಯಲ್ಲೂ ಇಲ್ಲದ ಒಬ್ಬರ ಬಗ್ಗೆಯೇ ಮಾತು. ಇರುವವರ ಬಗ್ಗೆ ನನ್ನ ಫಾರ್ಮು ಹೆಚ್ಚು ಕೇಳುವುದಿಲ್ಲ.

ಮನೆಗೆ ಛಾವಣಿ ಬಾಕಿ. ಮೆಟ್ಟಿಲೂ ಬಾಕಿ. ಸಹಿಯ ವಿಷಯ ನಿನಗೆ ಹೇಗೆ ತೋಚುತ್ತದೋ ಹಾಗೆ ಮಾಡು. ಎರಡು ವರ್ಷದಿಂದ ನೀನು ಕಳಿಸುವುದು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಲೇ ಇದೆ. ಅಲ್ಲಿ ನಿನಗೆ ಒಗ್ಗಿದೆ, ಕೈಗೂಡಿದೆ ಎಂದು ನನಗೆ ಸಮಾಧಾನ. ನಿನ್ನ ದಾರಿಗೆ ನಾನು ಅಡ್ಡ ಬರುವುದಿಲ್ಲ.

ಪಿಲೋ

---

ಹಾಂಗ್‌ಕಾಂಗ್
16 ಅಕ್ಟೋಬರ್ 1994

ಪಿಲೋ,

ಮೇ ತಿಂಗಳಲ್ಲಿ ಬಂದ ಹಾಲಿನ ಪುಡಿಯನ್ನು ಸೆಪ್ಟೆಂಬರ್ ಕೊನೆಯವರೆಗೆ ತೆರೆದೇ ಇರಲಿಲ್ಲ. ದಿನಕ್ಕೆ ನಾಲ್ಕು ಸಲ ಹಾಲು ಹಾಕಿದ ಕಾಫಿ ಕುಡಿಯುವ ಗಂಡಸು ನೀನು. ಹಾಗಾದರೆ ಈ ಐದು ತಿಂಗಳು ಕಾಫಿ ಎಲ್ಲಿ ಕುಡಿದೆ? ನಾನು ಹೆಸರು ಕೇಳುವುದಿಲ್ಲ. ಇಲ್ಲಿ ಚೌಕದಲ್ಲಿ ವಾರಕ್ಕೊಬ್ಬಳಾದರೂ ಇಂಥ ಸುದ್ದಿ ಓದಿ ಅಳುತ್ತಾಳೆ. ಅವರಿಗೆ ಕರವಸ್ತ್ರ ಕೊಟ್ಟು ಕೊಟ್ಟು ನನಗೆ ಅಭ್ಯಾಸವಿದೆ.

ಅಡ್ಡ ಬರುವುದಿಲ್ಲ ಎಂದು ಎಷ್ಟು ಚೆನ್ನಾಗಿ ಬರೆದಿದ್ದೀಯ. ಯಾವುದೋ ಬಸ್ಸಿಗೆ ದಾರಿ ಬಿಟ್ಟಂತೆ.

ಪೋಪೋ ಈಗ ನನ್ನನ್ನು ಬಿಟ್ಟು ಬೇರೆ ಯಾರ ಕೈಯಲ್ಲೂ ಉಣ್ಣುವುದಿಲ್ಲ. ನಿನ್ನೆ ಗಂಜಿ ಕುಡಿಸುವಾಗ "ಫಾ, ನೀನು ಹೋದ್ರೆ ನನ್ನ ಯಾರು ಬೈತಾರೆ?" ಎಂದಳು. ಇಲ್ಲಿಯಾದರೂ ನಾನು ಇರಬೇಕೆಂದು ಕೇಳುವ ಒಬ್ಬಳಿದ್ದಾಳೆ.

ಪರದೆ ಬಟ್ಟೆ ಕೊಂಡೆ. ನೀನು ಬೇಡವೆಂದಿದ್ದೆ, ಆದರೂ ಕೊಂಡೆ. ತಿಳಿ ಹಸಿರು, ಅಂಚಿನಲ್ಲಿ ಸಣ್ಣ ಬಿಳಿ ಎಲೆ. ನೀನು ಕೊಟ್ಟ ಅಳತೆಗೆ ನಾಲ್ಕು ಬೆರಳು ಮಡಿಕೆ ಬಿಟ್ಟು ಕತ್ತರಿಸಿದೆ. ಛಾವಣಿಗೂ ಮೆಟ್ಟಿಲಿಗೂ ಎರಡು ವರ್ಷ ಸಾಕಾಗುತ್ತದೆ ಎಂದು ಕಾಣುತ್ತದೆ. ಇಪ್ಪತ್ತೆಂಟಕ್ಕೆ ಸಹಿ ಹಾಕುತ್ತೇನೆ.

ಅದೆಲ್ಫಾ

---

ಪಾವೊಯ್
20 ಅಕ್ಟೋಬರ್ 1994

ಅದೆಲ್ಫಾ,

ಇದನ್ನು ಎರಡು ದಿನದಿಂದ ಬರೆಯಲು ಕೂರುತ್ತಿದ್ದೇನೆ. ಮೊದಲು ನಡೆದದ್ದನ್ನು ಹೇಳುತ್ತೇನೆ, ಆಮೇಲೆ ನನ್ನ ತಪ್ಪನ್ನು.

ಈ ಸಲದ ಪಟ್ಟಿಯಲ್ಲಿ ನಮ್ಮ ಈ ಹಳೆಯ ಮನೆಯೂ ಬಂದಿದೆ. ನಮ್ಮ ಮನೆಯನ್ನು ನಾವೇ ಬರೆದುಕೊಳ್ಳುವಂತಿಲ್ಲ. ಅದಕ್ಕೆ ಬಟಕ್‌ನಿಂದ ಕನ್ಸೇಹೋ ಎಂಬ ಹುಡುಗಿ ಬಂದಳು. ಇಪ್ಪತ್ತಮೂರು ವರ್ಷ, ಚುರುಕು, ಮಾತಿಗೊಮ್ಮೆ ಅಣ್ಣ ಎಂಬಂತೆ ಮನೋಂಗ್ ಎನ್ನುತ್ತಾಳೆ. ನಾನು ಎಲ್ಲರನ್ನೂ ಕೂರಿಸುವ ಹಾಗೆ ನನ್ನನ್ನು ನಮ್ಮ ಬೆಂಚಿನ ಮೇಲೆ ಕೂರಿಸಿದಳು. ದುಡ್ಡಿನ ಸಾಲುಗಳೆಲ್ಲ ಸರಾಗವಾಗಿ ಮುಗಿದವು. ನೀನು ತಿದ್ದಿದ ಲೆಕ್ಕವನ್ನೇ ಕೊಟ್ಟೆ, ಸೆಪ್ಟೆಂಬರಿನದೂ ಸೇರಿಸಿದೆ. ಆಮೇಲೆ ಕೊನೆಯ ಪ್ರಶ್ನೆ.

"ಊಟಕ್ಕೆ ಎಷ್ಟು ಹೋಯ್ತು, ಮನೋಂಗ್?"

"ಊಟ ನನ್ನ ಸಂಬಳದಲ್ಲೇ ಆಗುತ್ತೆ."

"ಸಾಲಕ್ಕೆ?"

"ಏಜೆನ್ಸಿ ಸಾಲ ಎಂಬತ್ತೊಂಬತ್ತರಲ್ಲೇ ತೀರ್ತು."

"ಮನೆ ಕಟ್ಟೋಕೆ?"

"ಇಲ್ಲ."

"ಮತ್ತೆ ದುಡ್ಡೆಲ್ಲ ಎಲ್ಲೋಯ್ತು?"

"ಬ್ಯಾಂಕಲ್ಲಿದೆ."

"ಎಷ್ಟು?"

"ಅಷ್ಟೂ."

ಅವಳು ಪೆನ್ನು ಎತ್ತಿ ನನ್ನ ಮುಖ ನೋಡಿದಳು. "ಹಂಗಾದ್ರೆ ಅವ್ರು ಇನ್ನೂ ಯಾಕೆ ಅಲ್ಲಿದಾರೆ?"

"ಅದು ಫಾರ್ಮಲ್ಲಿದ್ಯಾ?" ಎಂದೆ.

"ಇಲ್ಲ ಮನೋಂಗ್. ನಾನೇ ಕೇಳ್ದೆ."

ಅವಳು 'ಉಳಿತಾಯ' ಎಂದು ಬರೆದು, ನನ್ನ ಸಹಿ ಹಾಕಿಸಿಕೊಂಡು ಹೋದಳು.

ಹೊಸ ಮನೆ ಇಲ್ಲ, ಅದೆಲ್ಫಾ. ತೊಂಬತ್ತರ ಡಿಸೆಂಬರ್‌ನಲ್ಲಿ ನೀನು ಹನ್ನೆರಡು ದಿನಕ್ಕೆಂದು ಬಂದಾಗ ನಾವಿಬ್ಬರೂ ಸೇರಿ ಗೂಟ ಹೊಡೆದು ದಾರ ಕಟ್ಟಿದೆವಲ್ಲ, ಅಷ್ಟೇ ಇದೆ. ಗೂಟ ಎರಡು ಸಲ ಬದಲಾಯಿಸಿದ್ದೇನೆ, ಗೆದ್ದಲು ತಿಂದಿತ್ತು. ಆಗ ನೀನು ವಾಪಸ್ಸು ಹೋದ ವಾರದಲ್ಲೇ ನಾನು ಮೇಸ್ತ್ರಿಯನ್ನು ಕರೆಸಿದ್ದೆ. ಒಂದು ಲಕ್ಷದ ಹದಿನೈದು ಸಾವಿರ ಎಂದ. ಆಮೇಲೆ, ಮೆಟ್ಟಿಲು ಒಳಗೋ ಹೊರಗೋ ಎಂದು ಕೇಳಿದ. ನಾನು ಹೊರಗೆ ಎನ್ನಬಹುದಿತ್ತು, ನೀನು ಇರಲಿಲ್ಲ. ನನಗೆ ಬಾಯಿ ಬರಲಿಲ್ಲ. ಆಕೆ ಬಂದು ಹೇಳಲಿ ಎಂದು ಕಳಿಸಿಬಿಟ್ಟೆ.

ಫೋಟೋದಲ್ಲಿರುವುದು ನಮ್ಮ ಚಿಕ್ಕಪ್ಪನ ಮಗ ಫ್ಲೊರಾಂತೆಯ ಮನೆ. ಅವನ ಮಗುವಿನ ನಾಮಕರಣಕ್ಕೆ ಬಂದ ಫೋಟೋದವನು ನನ್ನನ್ನೂ ಆ ಗೋಡೆಯ ಮುಂದೆ ನಿಲ್ಲಿಸಿ ತೆಗೆದ. ನಿನಗೆ ಕಳಿಸುವಾಗ ಅದು ನಮ್ಮದು ಎಂದು ನಾನು ಬರೆಯಲಿಲ್ಲ. ನಮ್ಮದಲ್ಲ ಎಂದೂ ಬರೆಯಲಿಲ್ಲ. ನಿನ್ನ ಉತ್ತರದ ತುಂಬ ಸಂತೋಷವಿತ್ತು. ಅದನ್ನು ಓದಿದ ಮೇಲೆ ನಿಜ ಹೇಳುವ ಧೈರ್ಯ ಒಂದೊಂದೇ ದಿನ ಕಡಿಮೆಯಾಗುತ್ತಾ ಹೋಯಿತು. ಕಿಟಕಿಯ ಅಳತೆಯೂ ಅವನ ಮನೆಯದೇ. ಚಿಕ್ಕ ಕೋಣೆ ಅವನ ಮನೆಯಲ್ಲಿಲ್ಲ. ಅದರ ಕಿಟಕಿಯನ್ನು ಮಾತ್ರ ನಾನು ನನ್ನ ಎದೆಯ ಮುಂದೆ ಕೈ ಅಗಲಿಸಿ, ಇಷ್ಟಿದ್ದರೆ ಸಾಕು ಎಂದುಕೊಂಡು ಅಳೆದೆ.

ಪೆಟ್ಟಿಗೆಗಳೂ ಹಾಗೇ ಇವೆ. ಸೋಪು, ಟವೆಲ್ಲು, ಮಾಂಸದ ಡಬ್ಬಿ, ಎಲ್ಲ ಬೀರುವಿನಲ್ಲಿ. ನೀನಿಲ್ಲದೆ ಬಿಚ್ಚುವುದು ಕದ್ದ ಹಾಗೆ ಅನಿಸುತ್ತದೆ. ಕರಿ ಕಾಫಿ ಅಭ್ಯಾಸವಾಗಿದೆ.

ಪಾಸ್‌ಬುಕ್ಕಿನಲ್ಲಿ ನಿನ್ನ ಹೆಸರಿದೆ. ಇವತ್ತಿಗೆ 2,76,400 ಪೆಸೋ, ಬಡ್ಡಿ ಬಿಟ್ಟು.

ಕನ್ಸೇಹೋ ಹೋದ ಮೇಲೆ ಕೆರೆಯ ಕಡೆ ನಡೆದೆ. ಅದರ ತಳದಲ್ಲಿ ಒಂದು ಊರು ಮುಳುಗಿದೆ, ಮೀನುಗಳ ಕಿವಿಯಲ್ಲಿ ಓಲೆ ಇವೆ ಎನ್ನುತ್ತಾರಲ್ಲ, ಚಿಕ್ಕಂದಿನಲ್ಲಿ ನಾನು ದೋಣಿಯಲ್ಲಿ ಬೋರಲು ಮಲಗಿ ಮನೆಗಳ ಸೂರು ಕಾಣುತ್ತದೋ ಎಂದು ನೋಡುತ್ತಿದ್ದೆ. ಮೊನ್ನೆಯೂ ನೋಡಿದೆ. ನಿನ್ನ ದುಡ್ಡೆಲ್ಲ ಆ ಊರಿನ ಹಾಗೆ ಕೆಳಗೆ ಮಲಗಿದೆ ಎನಿಸಿತು, ಹಾಳಾಗದೆ, ಯಾರೂ ವಾಸ ಮಾಡದೆ.

ನೀನು ಈ ತಿಂಗಳ ಕೊನೆಯೊಳಗೆ ಮೇಡಂಗೆ ಹೇಳಬೇಕೆಂದು ನನಗೆ ನೆನಪಿದೆ. ಎಲ್ಲ ತಿಳಿದುಕೊಂಡೇ ತೀರ್ಮಾನ ಮಾಡಲಿ ಎಂದು ಇದನ್ನು ಬರೆದಿದ್ದೇನೆ. ನಿನಗೆ ಸಿಟ್ಟು ಬರುತ್ತದೆ. ಬರಲಿ, ಅದು ನ್ಯಾಯ.

ಪಿಲೋ

---

ಹಾಂಗ್‌ಕಾಂಗ್
6 ನವೆಂಬರ್ 1994

ಪಿಲೋ,

ನಿನ್ನ ಕಾಗದ ಒಂದನೇ ತಾರೀಖು ಬಂತು. ಇಪ್ಪತ್ತೆಂಟಕ್ಕೇ ನಾನು ಸಹಿ ಹಾಕಿಯಾಗಿತ್ತು. ಇಂಥ ಮಾತನ್ನು ಅಂಚೆಗೆ ಹಾಕಿ ಹನ್ನೆರಡು ದಿನ ಸಮುದ್ರದ ಮೇಲೆ ತೇಲಿಬಿಟ್ಟೆಯಲ್ಲ, ಒಂದು ತಂತಿ ಹೊಡೆಯಲು ನಿನ್ನ ಕೈಗೆ ಏನಾಗಿತ್ತು? ತಂತಿಗೆ ದುಡ್ಡು ಜಾಸ್ತಿ ಎಂದು ತಾನೇ? ನೀನು ಇಲೋಕೋಸಿನವನೇ, ಸಂಶಯವಿಲ್ಲ.

ಮೊದಲು ಓದಿದಾಗ ನಕ್ಕೆ. ಬೇರೆ ಹೆಂಗಸಿಲ್ಲ, ಬೀರುವಿನ ತುಂಬ ಸೋಪಿದೆ. ಬಚ್ಚಲಿನಲ್ಲಿ ಕುಳಿತು ಎಷ್ಟು ನಕ್ಕೆನೆಂದರೆ, ಪೋಪೋ ಹೊರಗಿನಿಂದ ಬಾಗಿಲು ಬಡಿದಳು. ಎರಡನೇ ಸಲ ಓದಿದಾಗ ಕೂಡಿ ಕಳೆದೆ. ನನಗೂ ಲೆಕ್ಕ ಬರುತ್ತದೆ. ಮೇಸ್ತ್ರಿ ಹೇಳಿದ್ದು ಒಂದು ಲಕ್ಷದ ಹದಿನೈದು ಸಾವಿರ. ತೊಂಬತ್ತೆರಡರ ನವೆಂಬರ್‌ಗೆ ನಾನು ಕಳಿಸಿದ್ದು ಒಂದು ಲಕ್ಷದ ಮೂವತ್ತೆಂಟು ಸಾವಿರ, ರಸೀದಿಗಳು ನನ್ನ ಮುಂದಿವೆ. ಆಗಲೇ ಸಾಕಾಗಿತ್ತು. ದುಡ್ಡು ಹಾಗೇ ಇದೆ ಎಂದು ನೀನು ಒಂದು ಸಾಲು ಬರೆದಿದ್ದರೆ ನಾನು ಆ ಕ್ರಿಸ್ಮಸ್‌ಗೆ ನಮ್ಮ ಬೆಂಚಿನ ಮೇಲೆ ಕುಳಿತಿರುತ್ತಿದ್ದೆ. ನನಗೆ ಆಗ ಮೂವತ್ತೈದು. ಎರಡು ವರ್ಷ, ಪಿಲೋ. ನಿನ್ನ ಫಾರ್ಮಿನ ಯಾವ ಸಾಲಿಗೆ ಅದನ್ನು ಹಾಕುತ್ತೀಯ? ನನಗೆ ಬಂದಿರುವ ಸಿಟ್ಟು ನಿನಗೆ ಗೊತ್ತಾಗುವುದಿಲ್ಲ. ಹಸಿರು ಪರದೆಯನ್ನೆಲ್ಲ ಹರಿದು ನೆಲ ಒರೆಸಲು ಹಾಕಿದ್ದೇನೆ. ಚಿಕ್ಕದೊಂದನ್ನು ಬಿಟ್ಟು.

ನಾನೂ ಒಂದು ಸುಳ್ಳು ಹೇಳಿದ್ದೇನೆ. ಭಾನುವಾರ ಚೌಕದಲ್ಲಿ ಕೂರುತ್ತೇನೆ ಎಂದು ಬರೆಯುತ್ತಿದ್ದೆನಲ್ಲ, ತೊಂಬತ್ತೆರಡರಿಂದ ನಾನು ಅಲ್ಲಿ ಕೂತಿದ್ದು ಸಂಜೆಯ ಒಂದೆರಡು ಗಂಟೆ ಮಾತ್ರ. ಬೆಳಗಿನಿಂದ ಎರಡು ಮನೆಗಳ ನೆಲ ಒರೆಸಿ, ಬಚ್ಚಲು ತೊಳೆಯುತ್ತೇನೆ. ಕರಾರಿನ ಮನೆ ಬಿಟ್ಟು ಬೇರೆಡೆ ದುಡಿಯುವಂತಿಲ್ಲ, ಸಿಕ್ಕಿಬಿದ್ದರೆ ಕೆಲಸವೇ ಹೋಗುತ್ತಿತ್ತು. ಮೊಣಕಾಲು ಬಾತಿದೆ. ದುಡ್ಡು ತಿಂಗಳಿಂದ ತಿಂಗಳಿಗೆ ಹೆಚ್ಚಿದ್ದು ಹಾಗೆ. ನೀನು ಅದನ್ನು ನೋಡಿ, ಇವಳಿಗೆ ಅಲ್ಲಿ ಒಗ್ಗಿದೆ ಎಂದು ಓದಿಕೊಂಡೆ. ಮನೆ ಬೇಗ ಮುಗಿಯಲಿ, ಬೇಗ ಹೋಗೋಣ ಎಂದು ನಾನು ಕಳಿಸಿದ್ದು.

ನಿನ್ನ ಕಾಗದ ಓದಿದ ಮೇಲೆ ಒಂದು ಮಧ್ಯಾಹ್ನ ಮತ್ತೆ ಕಣ್ಣು ಮುಚ್ಚಿದೆ. ಬಾಗಿಲಿಲ್ಲ, ಮೆಟ್ಟಿಲಿಲ್ಲ. ನಾಲ್ಕು ಗೂಟ, ದಾರ, ಮಧ್ಯದಲ್ಲಿ ಹುಲ್ಲು. ದಾರ ದಾಟಿ ಒಳಗೆ ಹೋಗಿ ಕುಳಿತೆ. ಅಳು ಬರಬಹುದು ಎಂದುಕೊಂಡಿದ್ದೆ, ಬರಲಿಲ್ಲ. ಇಷ್ಟು ದಿನ ಆ ದೊಡ್ಡ ಮನೆಯಲ್ಲಿ ನಾನೊಬ್ಬಳೇ ಓಡಾಡುತ್ತಿದ್ದೆ. ಈ ಸಲ ನೀನೂ ಇದ್ದೆ, ಆಚೆ ಕಡೆ ಬಗ್ಗಿ ಗೂಟ ಸರಿಮಾಡುತ್ತಿದ್ದೆ. ನನ್ನ ಕಡೆ ತಿರುಗಲಿಲ್ಲ.

ಮೇಡಂ ಜೊತೆ ಮಾತಾಡಿದೆ. ನಾನೇ ಅಳುತ್ತೇನೆಂದು ಹೆದರಿದ್ದೆ, ಅವಳು ಅತ್ತಳು. ಕರಾರಿನ ಕಾಗದಗಳನ್ನು ಇಪ್ಪತ್ತೊಂದನೇ ತಾರೀಖಿನವರೆಗೆ ಕಚೇರಿಗೆ ಕೊಡದೆ ತಡೆಯುತ್ತಾಳಂತೆ. ಅಷ್ಟರೊಳಗೆ ಹೇಳಿದರೆ ಸಹಿ ಹಾಕಿದ್ದನ್ನು ಹರಿಯಬಹುದು, ಬೇರೆಯವಳನ್ನು ಹುಡುಕಬಹುದು. ಆಮೇಲೆ ಆಗದು. ಆಮೇಲೆ ತೊಂಬತ್ತಾರು.

ನಿನ್ನ ಕಾಗದವನ್ನು ಈಗ ಹನ್ನೊಂದು ಸಲ ಓದಿದ್ದೇನೆ. ಎಲ್ಲ ಇದೆ ಅದರಲ್ಲಿ, ಫ್ಲೊರಾಂತೆಯ ಮನೆ, ಗೆದ್ದಲು, ಪಾಸ್‌ಬುಕ್ಕು, ಮೀನಿನ ಓಲೆ. ನನ್ನನ್ನು ಕರೆಯುವ ಮಾತು ಮಾತ್ರ ಇಲ್ಲ. ಆರು ವರ್ಷದ ಕಾಗದಗಳನ್ನೆಲ್ಲ ತೆಗೆದು ನೋಡಿದೆ. ಒಂದರಲ್ಲೂ ಇಲ್ಲ. ನಾನು ಕೇಳಿದಾಗೆಲ್ಲ, ನಿನಗೆ ತೋಚಿದಂತೆ ಮಾಡು ಎಂದಿದ್ದೀಯ. ಪೋಪೋಗೆ ನಾನು ಬೇಕು, ಅವಳು ಬಾಯಿಬಿಟ್ಟು ಹೇಳುತ್ತಾಳೆ. ನಿನಗೆ ಬೇಕೋ ಬೇಡವೋ, ನನಗೆ ನಿಜವಾಗಿಯೂ ಗೊತ್ತಿಲ್ಲ. ನಾನು ಊಹಿಸಿ ಊಹಿಸಿ ಸೋತಿದ್ದೇನೆ. ಈ ಸಲ ಊಹಿಸುವುದಿಲ್ಲ.

ಇಲುಮಿನಾದಾ ಮಂಗಳವಾರ ತಮ್ಮನ ಮದುವೆಗೆ ಊರಿಗೆ ಹೊರಟಿದ್ದಾಳೆ. ಈ ಕಾಗದವನ್ನು ಅವಳ ಕೈಯಲ್ಲೇ ಕೊಡುತ್ತಿದ್ದೇನೆ. ಉತ್ತರವನ್ನು ಅಂಚೆಗೆ ಹಾಕಬೇಡ, ಹಾಕಿದರೆ ತಲುಪುವುದಿಲ್ಲ.

ಅದೆಲ್ಫಾ

---

ಲಾವಾಗ್, ತಂತಿ ಕಚೇರಿ
16 ನವೆಂಬರ್ 1994

ಅದೆಲ್ಫಾ,

ಈ ಕಾಗದ ನಿನಗೆ ಇಪ್ಪತ್ತೊಂದರೊಳಗೆ ಸಿಗುವುದಿಲ್ಲ ಎಂದು ಗೊತ್ತಿದೆ. ಆದರೂ ಸಾಲಿನಲ್ಲಿ ನಿಂತು ಬರೆಯುತ್ತಿದ್ದೇನೆ.

ಇಲುಮಿನಾದಾ ತಮ್ಮನ ಮದುವೆ ಮುಗಿಸಿಕೊಂಡು ನಿನ್ನೆ ಸಂಜೆ ಮನೆಯವರೆಗೂ ನಡೆದು ಬಂದು ಕಾಗದ ಕೊಟ್ಟಳು. ಗೂಟಗಳನ್ನು ನೋಡಿದಳು. "ಇದೇನಾ ಮನೋಂಗ್, ಅವಳು ದಿನಾ ಹೇಳ್ತಿದ್ದ ಅರಮನೆ?" ಎಂದಳು. ನಾನು ತಲೆ ತಗ್ಗಿಸಿದೆ. ಆಮೇಲೆ ನಿನ್ನ ಮೊಣಕಾಲಿನ ಬಗ್ಗೆ ಹೇಳಿದಳು. ನೀನು ಮೆಟ್ಟಿಲು ಇಳಿಯುವಾಗ ಪಕ್ಕಕ್ಕೆ ತಿರುಗಿ ಒಂದೊಂದೇ ಕಾಲು ಇಡುತ್ತೀಯಂತೆ. ಅವಳು ಹೋದ ಮೇಲೆ ಬೀರುವಿನ ಬಾಗಿಲು ತೆರೆದೆ. ಆ ಸೋಪುಗಳಿಗಾಗಿ, ಆ ಡಬ್ಬಿಗಳಿಗಾಗಿ ನೀನು ನೆಲದ ಮೇಲೆ ಮೊಣಕಾಲೂರಿದ್ದು. ನಾನು ಅತ್ತೆ ಎಂದು ಬರೆಯಲು ನಾಚಿಕೆಯಿಲ್ಲ. ಇಡೀ ತಾಲ್ಲೂಕಿನ ದುಡ್ಡನ್ನು ಅಳೆದ ನಾನು ನಿನ್ನದನ್ನು ಮಾತ್ರ ತಪ್ಪಾಗಿ ತೂಗಿದ್ದೇನೆ.

ನೀನು ಕೇಳಿದ್ದಕ್ಕೆ ಉತ್ತರ ಹೇಳಬೇಕು. ಆ ಮಾತನ್ನು ನಾನು ಯಾಕೆ ಬರೆಯಲಿಲ್ಲ? ಕೇಳಿದರೆ ನೀನು ಇಲ್ಲ ಎನ್ನಬಹುದಿತ್ತು. ಕೇಳದಿದ್ದರೆ ಇಲ್ಲ ಎನ್ನುವ ಅವಕಾಶ ನಿನಗಿರುವುದಿಲ್ಲ. ಅಷ್ಟೇ. ಹೆದರಿಕೆ. ಅದನ್ನು ನಾನು ದೊಡ್ಡತನ ಎಂದುಕೊಂಡು ಆರು ವರ್ಷ ಕಳೆದೆ.

ಈಗಷ್ಟೇ ನನ್ನ ಸರದಿ ಬಂದಿತ್ತು. ಕಿಂಡಿಯ ಹಿಂದಿನ ಹೆಂಗಸು ಚೀಟಿ ನೋಡಿ, "ಎಷ್ಟು ಪದ?" ಎಂದಳು. ಒಂದೇ ಎಂದೆ. "ಒಂದಾದ್ರೂ ಅಷ್ಟೇ, ಹತ್ತಾದ್ರೂ ಅಷ್ಟೇ ರೇಟು. ಹತ್ತರ ದುಡ್ಡು ಕೊಡ್ಲೇಬೇಕು. ಇನ್ನೇನಾದ್ರೂ ಸೇರ್ಸೋದಿದ್ರೆ ಯೋಚ್ನೆ ಮಾಡ್ಕೊಂಡು ಬನ್ನಿ" ಎಂದು ಚೀಟಿ ವಾಪಸ್ಸು ಕೊಟ್ಟಳು. ಮತ್ತೆ ಸಾಲಿನ ಕೊನೆಗೆ ನಿಂತು ಯೋಚಿಸುತ್ತಿದ್ದೇನೆ. ಮೆಟ್ಟಿಲು ಒಳಗೇ ಇರಲಿ ಎಂದು ಬರೆದು ಹೊಡೆದುಹಾಕಿದೆ. ಕ್ಷಮಿಸು ಎಂದು ಬರೆದೆ, ಅದು ಎದುರಿಗೆ ನಿಂತು ಹೇಳಬೇಕಾದದ್ದು ಎಂದು ಅದನ್ನೂ ಹೊಡೆದುಹಾಕಿದೆ. ಒಂಬತ್ತು ಪದಕ್ಕೆ ದುಡ್ಡು ಕೊಟ್ಟು ಖಾಲಿ ಬಿಡುವ ಗಂಡಸು ನಾನಲ್ಲ, ನಿನಗೆ ಗೊತ್ತು.

ಈಗ ತೋಚಿತು. ನನ್ನ ಮುಂದೆ ಇನ್ನೊಬ್ಬರೇ ಇದ್ದಾರೆ. ನಿಲ್ಲಿಸುತ್ತೇನೆ.

ಪಿಲೋ

---

ತಂತಿ
ಲಾವಾಗ್, 16 ನವೆಂಬರ್ 1994
ಅದೆಲ್ಫಾಗೆ, ಹಾಂಗ್‌ಕಾಂಗ್

ಬಾ ಬಾ ಬಾ ಬಾ ಬಾ ಬಾ ಬಾ ಬಾ ಬಾ ಬಾ